ಪೈಲವಾನನ ಬೆನ್ನು

ಸಂಪಗಾಂವದ ದುರ್ಗಪ್ಪ ಹರೆಯವನ್ನೆಲ್ಲ ಗರಡಿಯಲ್ಲಿ ಕಳೆದ ಪೈಲವಾನ. ೨೦೦೪ರಲ್ಲಿ, ಸೊಂಟನೋವು ತಾಳಲಾಗದೆ, ಬೈಲಹೊಂಗಲದ ಯೋಗ ಶಿಬಿರಕ್ಕೆ ಸೇರಿದ. ಸೂರ್ಯನಮಸ್ಕಾರ ಮಾಡುವಾಗ, ಇದು ತಾನು ಗರಡಿಯಲ್ಲಿ ಹೊಡೆದ ದಂಡದ ಕಸರತ್ತೇ ಎಂದು ಒಳಗೊಳಗೇ ಬೀಗಿದ. ಕೊನೆಯಲ್ಲಿ ಶವಾಸನ ಬಂತು. ಎಲ್ಲರೂ ಅಂಗಾತ ಮಲಗಿದರು; ಅವನೊಬ್ಬ ಮಗ್ಗುಲಾಗಿಯೇ ಉಳಿದ.

“ಬೆನ್ನು ನೆಲಕ್ಕ ಹಚ್ರಿ, ಕಾಕಾ,” ಎಂದಳು ಯೋಗ ಕಲಿಸುತ್ತಿದ್ದ ಶೈಲಜಾ.

“ಕುಸ್ತ್ಯಾಗ ಬೆನ್ನು ಮಣ್ಣಿಗೆ ಹತ್ತಿದಾಂವ ಸೋತಾಂಗ, ಅಕ್ಕಾರ. ಇಷ್ಟು ಮಂದಿ ಮುಂದ ಹೆಂಗ ಹಚ್ಚಲಿ?”

“ಇಲ್ಲಿ ನಿಮ್ಮನ್ನ ಕೆಡವಾವ್ರು ಯಾರ ಅದಾರ್ರಿ?”

ದುರ್ಗಪ್ಪ ಸುತ್ತ ನೋಡಿದ. ಎಲ್ಲರ ಕಣ್ಣೂ ಮುಚ್ಚಿದ್ದವು. ಮೆಲ್ಲಗೆ ಎಡಹೆಗಲನ್ನು ನೆಲಕ್ಕೆ ಊರಿದ. ಬಲಹೆಗಲನ್ನು ಊರಿಸಲು ಎಷ್ಟೋ ಪೈಲವಾನರು ಬೆವರು ಸುರಿಸಿ ಸೋತು ಹೋಗಿದ್ದರು. ಅದನ್ನು ಈಗ ಅವನೇ, ಉಸಿರು ಬಿಡುತ್ತಾ, ಊರಿದ.