ಅರ್ಧ ದೇಹದ ಜೀರುಂಡೆ

೨೦೦೪ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಸುತ್ತಮುತ್ತಲ ನೆಲದಿಂದ ಜೀರುಂಡೆಗಳು ಎದ್ದುಬಂದವು. ಹದಿನೇಳು ವರ್ಷ ಮಣ್ಣಿನಡಿ ಇದ್ದು ಒಟ್ಟಿಗೇ ಮೇಲೆ ಬರುವ, ಕೆಂಪು ಕಣ್ಣಿನ ಜಾತಿ. ಮೇರಿಲ್ಯಾಂಡಿನ ನಮ್ಮ ಮನೆಯಲ್ಲಿ ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದ್ದಳು. ಆದರೂ ಆ ಸದ್ದು ಗೋಡೆಯ ಒಳಗಿಂದಲೇ ಬರುವಂತಿತ್ತು.

ನಾನಾಗ ಹೈಸ್ಕೂಲಿನಲ್ಲಿದ್ದೆ. ಬಯಾಲಜಿ ಟೀಚರ್ ಒಂದು ಮಧ್ಯಾಹ್ನ ನಮ್ಮನ್ನು ಶಾಲೆಯ ಹಿಂದಿನ ಮರಗಳ ಕೆಳಗೆ ಕರೆದೊಯ್ದರು. ಓಕ್ ಮರದ ಬೊಡ್ಡೆಯ ಮೇಲೆ ಒಂದು ಜೀರುಂಡೆ ಹತ್ತುತ್ತಿತ್ತು. ಅದಕ್ಕೆ ಹಿಂಭಾಗವೇ ಇರಲಿಲ್ಲ. ಹೊಟ್ಟೆ ಇರಬೇಕಾದಲ್ಲಿ ಸೀಮೆಸುಣ್ಣದಂಥ ಬಿಳಿ ಉಂಡೆ. ನಡೆದಲ್ಲೆಲ್ಲ ಪುಡಿ ಉದುರುತ್ತಿತ್ತು. ಏನೂ ಆಗಿಲ್ಲವೆಂಬಂತೆ ಅದು ಪಕ್ಕದ ಜೀರುಂಡೆಯ ಮೈಮೇಲೆ ಏರಿ ಕೂಡಲು ನೋಡಿತು.

ಗೆಳತಿಯರು ಹಿಂದೆ ಸರಿದರು. ನನಗೆ ಕಣ್ಣು ಕೀಳಲಾಗಲಿಲ್ಲ. ಇದು ಶಿಲೀಂಧ್ರದ ಕೆಲಸ, ಒಳಗಿಂದಲೇ ತಿಂದುಬಿಟ್ಟಿದೆ ಎಂದರು ಟೀಚರ್. ಹಾಗಾದರೆ ಈಗ ನಡೆಯುತ್ತಿರುವುದು ಹುಳವೋ, ಶಿಲೀಂಧ್ರವೋ ಎಂದು ಕೇಳಿದೆ.

ಅವರು ಮಂಡಿಯೂರಿ ಹತ್ತಿರದಿಂದ ನೋಡಿದರು.

"ನನಗೆ ಗೊತ್ತಿಲ್ಲ. ಯಾರಿಗಾದರೂ ಪೂರ್ತಿ ಗೊತ್ತಿದೆ ಅಂತಲೂ ಅನ್ನಿಸಲ್ಲ."

ಅಲ್ಲಿಯವರೆಗೆ ನಾನು ಕೇಳಿದ್ದಕ್ಕೆಲ್ಲ ಶಾಲೆಯಲ್ಲಿ ಉತ್ತರ ಸಿಕ್ಕಿತ್ತು. ಇದಕ್ಕೆ ಸಿಗಲಿಲ್ಲ. ಜೀರುಂಡೆಯನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಮರುದಿನ ಸ್ಕೂಲಿಂದ ಬಂದು ನೋಡಿದರೆ ಮೈಯ ಇನ್ನೊಂದು ತುಂಡು ಕಳಚಿ ಬಿದ್ದಿತ್ತು. ಉಳಿದದ್ದು ಡಬ್ಬಿಯ ಅಂಚಿನಲ್ಲಿ ಸುತ್ತುತ್ತಲೇ ಇತ್ತು.

"ಸತ್ತಿದೆಯಲ್ಲೇ ಇದು," ಎಂದಳು ಅಮ್ಮ.

"ಇಲ್ಲಮ್ಮ, ನಡೀತಿದೆ ನೋಡು."

ಅಮ್ಮ ಬಗ್ಗಿ ನೋಡಿದಳು. ಡಬ್ಬಿಯನ್ನು ಹೊರಗಿಟ್ಟು, ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿತ್ತೇ ಎಂದು ಎಳೆದು ನೋಡಿದಳು.

ಜುಲೈ ಹೊತ್ತಿಗೆ ಜೀರುಂಡೆಗಳೆಲ್ಲ ಸತ್ತು ಬೀದಿ ಮೌನವಾಯಿತು. ಆ ಮೌನದಲ್ಲಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಕಾಲೇಜಿಗೆ ಅಪ್ಲೈ ಮಾಡುವ ಕಾಲ ಬಂದಾಗ ಮೆಡಿಸಿನ್ ಬೇಡ, ಹುಳಗಳಿಗೆ ಬರುವ ಇಂಥ ಕಾಯಿಲೆಗಳನ್ನು ಓದುತ್ತೇನೆ ಎಂದೆ. ಅಪ್ಪ ಡಾಕ್ಟರು. ಅವರು ರೇಗಲಿಲ್ಲ, ಕಾಯಿಲೆಗಳನ್ನೇ ನೋಡಬೇಕಾದರೆ ಡಾಕ್ಟರಾದರೂ ನೋಡಬಹುದಲ್ಲ ಎಂದರು.

"ನನಗೆ ಕಾಯಿಲೆಯ ಕಡೆಯಿಂದ ನೋಡ್ಬೇಕಪ್ಪ," ಎಂದೆ.

ಅಪ್ಪ ನನ್ನನ್ನು ಪರಿಚಯವಿಲ್ಲದವಳನ್ನು ನೋಡುವಂತೆ ನೋಡಿದರು. ಆಮೇಲೆ ಒಪ್ಪಿದರು.

ನಾರ್ತ್ ಕೆರೊಲಿನಾದ ಕಾಲೇಜಿನಲ್ಲಿ ಶಿಲೀಂಧ್ರಗಳ ಲ್ಯಾಬ್ ಸೇರಿದೆ. ಮೊದಲ ವಾರವೇ ನೊಣಗಳ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟರು. ಗಾಜಿಗೆ ಸಾಲಾಗಿ ಅಂಟಿಕೊಂಡು, ರೆಕ್ಕೆ ಎತ್ತಿಕೊಂಡೇ ಸತ್ತ ನೊಣಗಳು. ಪ್ರತಿಯೊಂದರ ಸುತ್ತಲೂ ಶಿಲೀಂಧ್ರದ ಬಿಳಿ ಪುಡಿಯ ವೃತ್ತ. ಬದುಕಿದ್ದ ಕೊನೆಯ ನೊಣ ಸಾಲಿನಲ್ಲಿ ಖಾಲಿ ಇದ್ದ ಜಾಗದ ಕಡೆಗೆ ನಿಧಾನವಾಗಿ ಹೋಗುತ್ತಿತ್ತು.

ಭಯವಾಯಿತು. ಕುರ್ಚಿ ಎಳೆದುಕೊಂಡು ಕೂತೆ.