ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಸೀತವ್ವ

ಬೆಳಗಿನ ಆರು ಗಂಟೆ. ಬೈಲಹೊಂಗಲದ ಸ್ಕ್ಯಾನ್ ಸೆಂಟರಿನ ಮೆಟ್ಟಿಲು ಗುಡಿಸುತ್ತಿರುವ ಸೀತವ್ವನ ಕಸಬರಿಗೆ ಆಗಲೇ ಹತ್ತು ಸಲ ನಿಂತಿದೆ. ನಿಂತಾಗಲೆಲ್ಲ ಅವರ ಕಣ್ಣು ಬಸ್‌ಸ್ಟ್ಯಾಂಡಿನ ಕಡೆಗೆ. ಮುರಗೋಡದ ಮಡಿವಾಳೆಪ್ಪ ಮೊದಲನೇ ಬಸ್ಸಿಗೆ ಬರಬೇಕು. ಬಾರದೇ ಹೋದರೆ? ಬರುತ್ತಾರೆ ಬಿಡಿ ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೇ ಧೈರ್ಯ ಹೇಳುತ್ತಾರೆ. ಧೈರ್ಯ ಬೇಕಾಗಿರುವುದು ಅವರಿಗೆ.

ನಡೆದದ್ದು ಇಷ್ಟು. ಮಡಿವಾಳೆಪ್ಪ ಅರವತ್ತರ ರೈತ. ಹೊಟ್ಟೆನೋವೆಂದು ಮಾಡಿಸಿದ ಸೋನೋಗ್ರಫಿಯಲ್ಲಿ ಎಡ ಮೂತ್ರಪಿಂಡದ ಮೇಲೆ ಏನೋ ಇದೆಯೆಂಬ ಅನುಮಾನ ಬಂದು, ನಿನ್ನೆ ಇಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡು ಊರಿಗೆ ಹೋದರು. ಸಂಜೆ ಫಿಲ್ಮ್ ನೋಡಿದ ಡಾಕ್ಟರು ತಲೆ ಚಚ್ಚಿಕೊಂಡರು. ಆ ಜಾಗದ ತುಂಬ ಬಿಳಿ ಗೀರು. ಹತ್ತಿರ ಲೋಹವಿದ್ದರೆ ಹಾಗಾಗುತ್ತದೆ. ಗೀರುಗಳ ನಡುವೆ ಗಂಟು ಇದೆಯೋ ಇಲ್ಲವೋ ಹೇಳುವಂತಿಲ್ಲ.

ಲೋಹ ಎಲ್ಲಿಂದ ಬಂತೆಂದು ಸೀತವ್ವನಿಗೆ ಕೂಡಲೇ ಹೊಳೆಯಿತು. ಈ ಕಡೆಯ ಹಿರಿಯರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲಿಂಗ ಮೈಬಿಟ್ಟು ಇರಕೂಡದು. ಕೊರಳಿಂದ ತೆಗೆಯಿರಿ ಎಂದರೆ ಪಾಪ, ತೆಗೆಯುತ್ತಾರೆ. ತೆಗೆದು ಸದ್ದಿಲ್ಲದೆ ಧೋತರದ ನಡುವಿಗೆ ಸಿಕ್ಕಿಸಿಕೊಳ್ಳುತ್ತಾರೆ, ಸರಿಯಾಗಿ ಮೂತ್ರಪಿಂಡದ ಪಕ್ಕಕ್ಕೆ! ಅದಕ್ಕೆಂದೇ ಸೀತವ್ವ ಒಗೆದ ಬಿಳಿ ವಸ್ತ್ರಗಳನ್ನು ಇಟ್ಟಿದ್ದಾರೆ. ಲಿಂಗವನ್ನು ಬೆಳ್ಳಿಯಿಂದ ಹೊರತೆಗೆದು ವಸ್ತ್ರದಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಳ್ಳುವುದು. ಸ್ಕ್ಯಾನಿಗೆ ತೋಳು ತಲೆಯ ಮೇಲೆ ಹೋಗುತ್ತದೆ, ಲಿಂಗ ಮೈಬಿಡುವುದೂ ಇಲ್ಲ. ಯಾವ ಡಾಕ್ಟರೂ ಹೇಳಿಕೊಡದ ಉಪಾಯ.

"ನಾ ಮುಟ್ಟೂದಿಲ್ಲರಿ, ವಸ್ತ್ರ ಅಷ್ಟ ಕೊಡತೇನಿ. ಕಟ್ಟಿಕೊಳ್ಳೂದು ಅವರ."

ದೇಗಾಂವದ ಸೀತವ್ವ ಗಂಡ ತೀರಿಕೊಂಡ ಮೇಲೆ 1998ರಲ್ಲಿ ಇಲ್ಲಿ ಆಯಾ ಆಗಿ ಸೇರಿದವರು. ಆಗ ಬರೀ ಸೋನೋಗ್ರಫಿ, ಸಿ.ಟಿ. ಯಂತ್ರ ಬಂದು ಈಗ ಮೂರು ವರ್ಷ. ದಿನಕ್ಕೆ ಎಂಟು ಹತ್ತು ಮಂದಿ. ಸವದತ್ತಿ, ರಾಮದುರ್ಗ, ಕಿತ್ತೂರಿನಿಂದ ಬಂದವರಿಗೆ ನೀರು ಕುಡಿಸುವುದು, ಉಸಿರು ಹಿಡಿಯುವುದನ್ನು ಕಲಿಸುವುದು, ಬಳೆ, ಉಡದಾರ ಬಿಚ್ಚಿಸುವುದು ಎಲ್ಲ ಇವರೇ. ನಿನ್ನೆ ಹನ್ನೆರಡು ಮಂದಿ ಇದ್ದರಂತೆ. ಆ ಗದ್ದಲದಲ್ಲಿ ಮಡಿವಾಳೆಪ್ಪನವರ ನಡುವಿನಲ್ಲಿ ಕರಡಿಗೆ ಇದೆಯೇ ಎಂದು ಕೇಳಲೇ ಇಲ್ಲ. ರಾತ್ರಿಯೇ ಮುರಗೋಡದ ಕಿರಾಣಿ ಅಂಗಡಿಗೆ ಫೋನು ಮಾಡಿ ಹೇಳಿಕಳಿಸಿದ್ದಾರೆ.

ಅಂತೂ ಬಸ್ಸು ಬಂತು. ಮಡಿವಾಳೆಪ್ಪ ಇಳಿದರು, ಮುಖ ಬಿಳಿಚಿಕೊಂಡಿದೆ. ಏನೋ ಕೆಟ್ಟದ್ದು ಸಿಕ್ಕಿದೆ, ಮುಚ್ಚಿಡಬೇಡ ಎಂದು ಸೀತವ್ವನನ್ನೇ ಗದರಿಸುತ್ತಾರೆ. ಸಿಕ್ಕಿಲ್ಲ, ಕಾಣಲೇ ಇಲ್ಲ, ಅದಕ್ಕೇ ಕರೆಸಿದ್ದು ಎಂದು ಇವರು ವಸ್ತ್ರ ಮುಂದೆ ಹಿಡಿಯುತ್ತಾರೆ. ಅವರು ಅದನ್ನು ಕೈಗೆ ತೆಗೆದುಕೊಂಡು ಬಿಡಿಸಿ ನೋಡುತ್ತಾರೆ. ಆಮೇಲೆ ಗೋಡೆಗೆ ಮುಖಮಾಡಿ ನಿಂತು ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳುತ್ತಾರೆ.

ಬಣ್ಣದ ಔಷಧಿ ಚುಚ್ಚುವ ಮೊದಲೊಮ್ಮೆ, ಚುಚ್ಚಿದ ಮೇಲೊಮ್ಮೆ ಸ್ಕ್ಯಾನ್. ಮುಚ್ಚಿದ ಬಾಗಿಲ ಹೊರಗೆ, ಸ್ಟೂಲಿನ ಮೇಲಿನ ಖಾಲಿ ಕರಡಿಗೆಗೆ ಕಾವಲು ನಿಂತ ಸೀತವ್ವ ಸೆರಗಿನ ತುದಿ ಹಿಂಡುತ್ತಿದ್ದಾರೆ.

ಈ ಸಲ ಗೀರಿಲ್ಲ. ಎಡ ಮೂತ್ರಪಿಂಡದ ಅಂಚಿನಲ್ಲಿ ಅಡಿಕೆಯಷ್ಟು ಗಂಟು, ಔಷಧಿ ಹೀರಿ ಎದ್ದು ಕಾಣುತ್ತಿದೆ. ಕ್ಯಾನ್ಸರೇ ಇರಬಹುದು, ಆದರೆ ಸಣ್ಣದು, ಹೊರಗೆ ಹರಡಿದಂತಿಲ್ಲ, ಗಂಟಷ್ಟನ್ನೇ ಕತ್ತರಿಸಿ ತೆಗೆಯಲು ಬಂದೀತು, ತಡಮಾಡದೆ ಬೆಳಗಾವಿಗೆ ಹೋಗಿ ಎಂದರು ಡಾಕ್ಟರು. ಮಡಿವಾಳೆಪ್ಪ ಬೆಂಚಿನ ಮೇಲೆ ಕುಳಿತು ಸೀತವ್ವನ ಕಡೆ ತಿರುಗಿದರು.

"ನಿನ್ನೆ ಇದು ಇರಲಿಲ್ಲೇನ, ತಂಗಿ?"

"ಇತ್ತರಿ, ಕಾಕಾ. ನಮಗ ಕಂಡಿದ್ದಿಲ್ಲ. ತಪ್ಪು ನಂದರಿ."

ಮಡಿವಾಳೆಪ್ಪ ಎದ್ದು ನಿಂತರು. ಫಿಲ್ಮಿನ ಲಕೋಟೆಯನ್ನು ಎದೆಗೊತ್ತಿಕೊಂಡು ಬೆಳಗಾವಿ ಬಸ್ಸು ಎಷ್ಟಕ್ಕೆಂದು ವಿಚಾರಿಸಿದರು.

ನಿಮಗೇನು ಆಸೆ ಎಂದು ಆಮೇಲೆ ಸೀತವ್ವನನ್ನು ಕೇಳುತ್ತೇನೆ. ಪಗಾರ ಹೆಚ್ಚಾಗಲಿ ಅನ್ನುತ್ತಾರೇನೋ ಅಂದುಕೊಂಡಿದ್ದೆ.

"ಏನರ ಕೇಳೂದು ಮರತೇನೋ ಅನ್ನೂ ಈ ಅಂಜಿಕಿ ನನ್ನ ಬಿಟ್ಟು ಹೋಗಬಾರದ್ರಿ," ಅನ್ನುತ್ತಾರೆ. "ಎಲ್ಲಾ ರೂಢಿ ಆಗೇತಿ ಅಂತ ನಿನ್ನಿ ಒಂದ ದಿನ ನಾ ಅಂಜಿದ್ದಿಲ್ಲ."