ಜೇವರ್ಗಿಯ ಬೀಗರು

ಮಹಾದೇವಿ, ಆ ತಿಗಣೆಗಳು ನಿನ್ನ ತವರು ಜೇವರ್ಗಿಯಿಂದ ಬಂದವಲ್ಲ — ನಾನು ತಂದವು. ನೀನು ಸೊಸೆಯಾಗಿ ಆಳಂದದ ಈ ಮನೆಗೆ ಕಾಲಿಡುವ ಮೊದಲೇ ಅವು ಇಲ್ಲಿದ್ದವು. ಇದು ನನಗೆ ಆಗಲೇ ಗೊತ್ತಿತ್ತು.

ಶಾಸನಗಳ ಕಾಲ ನಿರ್ಣಯಿಸುವುದರಲ್ಲಿ ಆಯುಷ್ಯ ಕಳೆದವನು ನಾನು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಎರಡು ಆಧಾರಗಳಿಲ್ಲದೆ ಎಂದೂ ಬರೆದವನಲ್ಲ. ಇಲ್ಲಿಯೂ ಕ್ರಮವಾಗಿಯೇ ಹೇಳುತ್ತೇನೆ. ಆ ವರ್ಷದ ಶ್ರಾವಣದಲ್ಲಿ ಶಾಸನವೊಂದರ ಪಡಿಯಚ್ಚನ್ನು ಕಾಗದದ ಮೇಲೆ ತೆಗೆಯಲು ಅಫಜಲಪುರದ ಕಡೆ ಹೋಗಿ, ಗಾಣಗಾಪುರದಲ್ಲಿ ತಂಗಿ ಬಂದೆ. ಮರಳಿದ ಮೇಲೆ ಮುಂಗೈಯಲ್ಲಿ ಸಾಲಾಗಿ ಕೆಂಪು ದದ್ದುಗಳೆದ್ದವು. ತಂಗಿದ್ದ ಕೋಣೆಯಿಂದ ಬಂದವೋ, ಬಸ್ಸಿನಿಂದಲೋ — ಅದಕ್ಕೆ ಆಧಾರವಿಲ್ಲ. ದಸರೆಯ ಹೊತ್ತಿಗೆ ನನ್ನ ಮಂಚದ ಸಂದಿಯಲ್ಲಿ ಕಪ್ಪು ಚುಕ್ಕೆಗಳು. ಅಲ್ಲೇ ಅಡಗಿದ್ದ ಒಂದು ಹುಳವನ್ನು ಹೊಸಕಿದಾಗ ಎದ್ದ ವಾಸನೆ ಸಂಶಯ ಉಳಿಸಲಿಲ್ಲ. ಯಾರಿಗೂ ಹೇಳದೆ ಸೀಮೆಎಣ್ಣೆ ಸುರಿದೆ. ನಮ್ಮ ಮಗನೊಡನೆ ನಿನ್ನ ಮದುವೆಯಾದದ್ದು ದೀಪಾವಳಿ ಕಳೆದ ಮೇಲೆ.

ನೀನು ತಂದ ಕೌದಿ — ನಿನ್ನ ತಾಯಿ ಶರಣಮ್ಮನವರು ತಮ್ಮ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದದ್ದು — ಅದರ ಅಂಚಿನಲ್ಲಿ ನಿನ್ನತ್ತೆಗೆ ತಿಗಣೆ ಕಂಡಿತು.

“ಏನಬೇ ಮಹಾದೇವಿ, ನಿಮ್ಮವ್ವ ಕೌದ್ಯಾಗ ಬೀಗರನ್ನೂ ಸುತ್ತಿ ಕಳಿಸ್ಯಾಳಲ್ಲ,” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆನೋ — ನೆನಪಿಲ್ಲ. ಸುಮ್ಮನಿದ್ದೆ ಎಂಬುದಷ್ಟೇ ಖಚಿತ. ಅಂದಿನಿಂದ ನಮ್ಮ ಮನೆಯಲ್ಲಿ ತಿಗಣೆಗೆ ‘ಜೇವರ್ಗಿ ಬೀಗರು’ ಎಂದೇ ಹೆಸರು. ಕೌದಿಯನ್ನು ಹಿತ್ತಲಲ್ಲಿ ಸುಟ್ಟರು; ನೀನು ನೋಡುತ್ತ ನಿಂತಿದ್ದೆ. ಕುದಿಯುವ ನೀರಿನಲ್ಲಿ ಅದ್ದಿದ್ದರೆ ಉಳಿಯುತ್ತಿತ್ತು — ಅದೂ ನನಗೆ ಗೊತ್ತಿತ್ತು. ತಿಗಣೆ ಮನೆಯ ಶುಚಿ ನೋಡಿ ಬರುವುದಿಲ್ಲ, ಯಾರದೋ ಚೀಲದಲ್ಲಿ ಕೂತು ಬರುತ್ತದೆ ಎಂದು ಹೇಳಬೇಕಿದ್ದರೆ — ನನ್ನ ಚೀಲವನ್ನೇ ತೋರಿಸಬೇಕಿತ್ತು.

ಸುಟ್ಟ ಮೇಲೂ ಅವು ಹೋಗಲಿಲ್ಲ. ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ನನ್ನ ಪುಸ್ತಕಗಳ ಬೆನ್ನು — ಎಲ್ಲೆಡೆ ಮೊಟ್ಟೆ. ಔಷಧಿ ಹೊಡೆಸಿದೆವು, ಮಂಚಗಳನ್ನು ಬಿಸಿಲಿಗೆಳೆದೆವು. ಕೆಲಕಾಲ ಮಾಯವಾಗಿ ಮತ್ತೆ ಬಂದವು. ಪ್ರತಿಸಲವೂ ಅದೇ ಹೆಸರು, ಪ್ರತಿಸಲವೂ ನಿನ್ನ ಮುಖ ಬಾಡುವುದು — ನೋಡಿಯೂ ನೋಡದವನಂತೆ ಇದ್ದೆ. ಒಮ್ಮೆ ಮನೆಗೆ ಬಂದಾಗ ನಿನ್ನ ತಾಯಿಯೂ ಆ ಹೆಸರನ್ನು ನಿನ್ನತ್ತೆಯ ಬಾಯಿಂದಲೇ ಕೇಳಿದರು. ತಲೆ ತಗ್ಗಿಸಿ ಚಹಾ ಕುಡಿದು ಹೋದರು. ಆಗಲೂ ನಾನು —

ಕಳೆದ ವಾರ ನಿನಗೆ ತಿಳಿಸದೆ ಜೇವರ್ಗಿಗೆ ಹೋದೆ. ನಿನ್ನ ತಾಯಿಗೆ ಎಲ್ಲವನ್ನೂ ಹೇಳಿದೆ, ಯಾವ ತಿಂಗಳಲ್ಲಿ ಏನಾಯಿತೆಂಬುದರ ಸಹಿತ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

“ನಮ್ಮ ಮನಿಯವೇ ಅಂತ ನಂಬಿದ್ನಲ್ರಿ ಅಣ್ಣಾರ,” ಎಂದರು. “ಮನಿಯೆಲ್ಲಾ ಹುಡಕೀನಿ, ಒಂದೂ ಸಿಗಲಿಲ್ಲ. ನೀವು ಓದಿದ ಮಂದಿ, ನಿಮ್ಮ ಮನ್ಯಾಗ ಸುಳ್ಳ ಹ್ಯಾಂಗ ಮಾತಾಡ್ತಾರ — ಎಲ್ಲೋ ಅಡಗ್ಯಾವ ಅಂದ್ಕೊಂಡೆ. ನಮ್ಮವ್ವ ಹೊಲಿದಿಟ್ಟ ಕೌದಿ ಅಷ್ಟೂ ಸುಟ್ಟಬಿಟ್ಟೀನ್ರಿ.”

ನಾನು ಕೂತಿದ್ದ ಮಂಚದ ಮೇಲೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚಾಪೆ ಹಾಸಿತ್ತು. ಕ್ಷಮೆ ಕೇಳಲೆಂದೇ ಹೋಗಿದ್ದೆ, ಮಹಾದೇವಿ. ಆದರೆ ನಾನು ಮಾತು ಕೂಡಿಸಿಕೊಂಡು ಹೋಗಿದ್ದು ಒಂದೇ ಒಂದು ಕೌದಿಗೆ —